ಕ್ರಿಸ್ತಜಯಂತಿಯ ಕಾಣಿಕೆ ಪೆಟ್ಟಿಗೆ

(ಆಗಮನಕಾಲದ ಮೂರನೆಯ ಭಾನುವಾರ ಬಲಿಪೂಜೆಯ ನಂತರ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಈ ವರ್ಷ ಕ್ರಿಸ್ತಜಯಂತಿಯ ಕಾಣಿಕೆ ಪೆಟ್ಟಿಗೆಗಳನ್ನು ಸಿದ್ಧಪಡಿಸಿ, ಸುತ್ತಲಿನ ಕಾಫಿ ತೋಟಗಳ ಲೈನು ಮನೆಗಳಲ್ಲಿರುವ ಮಕ್ಕಳಿಗೆ ತಲುಪಿಸಬೇಕೆಂದು ಪಾಲನಾ ಸಮಿತಿಯು ನಿರ್ಧರಿಸಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸಭಾಭವನದಲ್ಲಿ ಆ ಕಾರ್ಯ ಆರಂಭವಾಗಲಿದೆ. ಅದಕ್ಕೆ ಮುಂಚೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಕೇಳಿಕೊಂಡರು. ನಾಲ್ಕಕ್ಕೇ ನಿಲ್ಲಿಸುವ ಅಭ್ಯಾಸ ನನಗಿಲ್ಲವೆಂಬುದು ನಿಮಗೆ ತಿಳಿದದ್ದೇ.

ಧರ್ಮಸಭೆಗೆ ಇದು ಹೊಸ ಕೆಲಸವೇನಲ್ಲ. ಫ್ರಾನ್ಸಿನ ನಾನ್ಸಿಯ ಧರ್ಮಾಧ್ಯಕ್ಷರಾಗಿದ್ದ ಷಾರ್ಲ್ ದ ಫೋರ್ಬಿನ್ ಜಾನ್ಸನ್ನರು 1843ರಲ್ಲಿ ಪವಿತ್ರ ಬಾಲ್ಯ ಸಂಘವನ್ನು ಸ್ಥಾಪಿಸಿದರು. ದಿನಕ್ಕೊಂದು ನಮೋ ಮರಿಯಾ ಪ್ರಾರ್ಥನೆ, ತಿಂಗಳಿಗೊಂದು ಚಿಕ್ಕ ನಾಣ್ಯ; ಮಕ್ಕಳಿಂದ ಅವರು ಕೇಳಿದ್ದು ಇಷ್ಟೇ. ಮಕ್ಕಳಿಗೆ ಮಕ್ಕಳೇ ನೆರವಾಗಬೇಕೆಂಬುದು ಅವರ ಆಶಯ. 1922ರಲ್ಲಿ ಜಗದ್ಗುರುಗಳ ನೇರ ಆಶ್ರಯಕ್ಕೆ ಬಂದ ಆ ಸಂಘವು ಇಂದಿಗೂ ನಡೆದಿದೆ. ಆದ್ದರಿಂದ ತಾಯಂದಿರಲ್ಲಿ ನನ್ನದೊಂದು ವಿನಂತಿ: ಪೆಟ್ಟಿಗೆಯನ್ನು ನೀವೇ ತುಂಬಿ ಮುಗಿಸಬೇಡಿರಿ. ನಿಮ್ಮ ಮಗುವಿಗೆ ಪ್ರಿಯವಾದ ಒಂದು ವಸ್ತುವನ್ನು ಅದರ ಕೈಯಿಂದಲೇ ಇಡಿಸಿರಿ. ಸ್ವಲ್ಪ ಅಳು ಬಂದರೆ ಬರಲಿ.

ಈಗ ಸುಮಾರು ಮೂವತ್ತು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಉತ್ಸಾಹ ಹೆಚ್ಚು, ವಿವೇಕ ಕಡಿಮೆ. ಕ್ರಿಸ್ತಜಯಂತಿಯ ಸಂಜೆ ವೇದಿಕೆ ಕಟ್ಟಿಸಿ, ಧ್ವನಿವರ್ಧಕದಲ್ಲಿ ಬಡ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕೂಗಿಸಿದೆ. ಮಕ್ಕಳು ಮೆಟ್ಟಿಲೇರಿ ಬಂದರು, ಗಣ್ಯರು ಡಬ್ಬ ಕೊಟ್ಟರು, ಛಾಯಾಚಿತ್ರಗಳಾದವು. ಒಬ್ಬ ಹುಡುಗ ಅಲ್ಲಿಯೇ ಡಬ್ಬ ತೆರೆದ. ಚಕ್ರ ಮುರಿದ ಆಟಿಕೆ ಕಾರು, ಯಾರೋ ತೊಟ್ಟು ಸವೆಸಿದ ಅಂಗಿ. ಮುಂದಿನ ಸಾಲಿನ ಮಕ್ಕಳು ನಕ್ಕುಬಿಟ್ಟರು.

ಮರುದಿನ ಬೆಳಗಿನ ಪೂಜೆಯ ನಂತರ ಆ ಹುಡುಗನ ತಾಯಿ ಡಬ್ಬವನ್ನು ತಂದು ನನ್ನ ಮೇಜಿನ ಮೇಲಿಟ್ಟಳು. “ಫಾದರ್, ನನ್ನ ಮಗನಿಗೂ ಒಂದು ಹೆಸರಿದೆ. ನೀವು ಅವನನ್ನು ಊರ ಮುಂದೆ ಬಡವ ಅಂತ ಕರೆಸಿದಿರಿ,” ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಸೆಮಿನರಿಯಲ್ಲಿ ಹಲವು ವರ್ಷ ದೈವಶಾಸ್ತ್ರ ಓದಿದ ನನ್ನ ಬಳಿ ಉತ್ತರವೂ ಇರಲಿಲ್ಲ. ಮುಂದೆ ಬಹಳ ದಿನ ಆ ಹುಡುಗ ಧರ್ಮೋಪದೇಶದ ತರಗತಿಗೆ ಬರಲಿಲ್ಲ.

ಸಂತ ನಿಕೋಲಾಸರ ಕಥೆಯ ಅರ್ಥ ನನಗೆ ಹೊಳೆದದ್ದು ಆಮೇಲೆಯೇ. ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿ ದೇಶದಲ್ಲಿರುವ ಮೈರಾ ಪಟ್ಟಣಕ್ಕೆ ಧರ್ಮಾಧ್ಯಕ್ಷರಾಗಿದ್ದವರು ಅವರು. ಡಿಸೆಂಬರ್ 6 ಅವರ ಹಬ್ಬ. ಮೂವರು ಹೆಣ್ಣುಮಕ್ಕಳ ಮದುವೆಗೆ ಗತಿಯಿಲ್ಲದೆ ಕಂಗೆಟ್ಟಿದ್ದ ತಂದೆಯೊಬ್ಬನ ಮನೆಯ ಕಿಟಕಿಯಿಂದ ಅವರು ರಾತ್ರಿ ಹೊನ್ನಿನ ಚೀಲಗಳನ್ನು ಎಸೆದು ಹೋದರೆಂದು ಪರಂಪರೆ ಹೇಳುತ್ತದೆ. ರಾತ್ರಿಯೇ ಏಕೆ? ಕೊಟ್ಟವನ ವಿನಯಕ್ಕಾಗಿ ಎಂದು ನಾವು ಬೋಧಿಸುತ್ತೇವೆ. ಪಡೆದವನ ಮಾನಕ್ಕಾಗಿ ಎಂಬುದೂ ಅಷ್ಟೇ ನಿಜ. ಬೆಳಗಾದಾಗ ಆ ತಂದೆ ತನ್ನ ಮಕ್ಕಳ ಮುಂದೆ ತಂದೆಯಾಗಿಯೇ ಉಳಿದ.

ಆದಕಾರಣ ಈ ಸಲ ವೇದಿಕೆಯಿಲ್ಲ, ಛಾಯಾಚಿತ್ರವಿಲ್ಲ. ಪೆಟ್ಟಿಗೆಗಳನ್ನು ತಂದೆತಾಯಿಯರ ಕೈಗೆ ಕೊಟ್ಟು ಬರುತ್ತೇವೆ. ಮಕ್ಕಳಿಗೆ ಅವರೇ ಕೊಡಲಿ. ಹಳೆಯ ಬಟ್ಟೆ ಬೇಡ. ಸ್ವೆಟರ್, ಟವೆಲ್, ಸಾಬೂನು, ನೋಟು ಪುಸ್ತಕ, ಪೆನ್ಸಿಲ್, ಒಂದು ಹೊಸ ಆಟಿಕೆ, ಮನೆಯಲ್ಲಿ ಮಾಡಿದ ಕುಸ್ವಾರ್ ಇರಲಿ.

ಲೈನು ಮನೆಗಳಲ್ಲಿರುವವರಲ್ಲಿ ಹಲವರು ಉತ್ತರ ಕರ್ನಾಟಕದಿಂದ, ಈಚಿನ ವರ್ಷಗಳಲ್ಲಿ ದೂರದ ಅಸ್ಸಾಮಿನಿಂದಲೂ ಕೊಯ್ಲಿಗೆ ಬಂದವರು, ಹಿಂದೂಗಳು, ಮುಸಲ್ಮಾನರು. ಪೆಟ್ಟಿಗೆಯೊಳಗೆ ಪ್ರಾರ್ಥನೆಯ ಚೀಟಿ, ಸಂತರ ಚಿತ್ರ ಇಡಬಹುದೇ ಎಂದು ಯುವಕ ಸಂಘದವರು ಕೇಳಿದರು. ಬೇಡವೆಂದೆ. ಕೆಲವರಿಗೆ ಬೇಸರವಾಯಿತು. ಆದರೆ ಅನುಚಿತ ಆಕರ್ಷಣೆಗಳಿಂದ ಯಾರನ್ನೂ ವಿಶ್ವಾಸಕ್ಕೆ ಸೆಳೆಯಕೂಡದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಸ್ಪಷ್ಟವಾಗಿ ವಿಧಿಸಿದೆ. ಹೊರಗಿನವರ ಸಂಶಯಕ್ಕೆ ಅಂಜಿ ನಾನು ಹೀಗೆ ಹೇಳುತ್ತಿಲ್ಲ. ಕಾಣಿಕೆಗೆ ಪ್ರತಿಫಲವನ್ನು ಬಯಸಿದರೆ ಅದು ಕಾಣಿಕೆಯಾಗಿ ಉಳಿಯುವುದಿಲ್ಲ. ಯಾರಾದರೂ ಏಕೆ ಕೊಟ್ಟಿರೆಂದು ಕೇಳಿದರೆ, ನಮ್ಮ ಪ್ರಭುವಿನ ಹುಟ್ಟುಹಬ್ಬವೆಂದು ಸಂಕೋಚವಿಲ್ಲದೆ ಹೇಳಿರಿ.

ಕೊನೆಯ ಮಾತು ತುಸು ಕಠಿಣವಾದುದು. ಇಂದಿನ ಶುಭಸಂದೇಶದಲ್ಲಿ ಜನರು ಸ್ನಾನಿಕ ಯೊವಾನ್ನರನ್ನು ತಾವೇನು ಮಾಡಬೇಕೆಂದು ಕೇಳಿದರು. ಎರಡು ಅಂಗಿಯಿದ್ದವನು ಇಲ್ಲದವನೊಡನೆ ಹಂಚಿಕೊಳ್ಳಲಿ ಎಂಬ ಉತ್ತರ ನಮಗೆಲ್ಲ ಬಾಯಿಪಾಠ. ಅಲ್ಲಿಗೇ ಅವರು ನಿಲ್ಲಿಸಲಿಲ್ಲ. ಸುಂಕದವರಿಗೆ ಲೆಕ್ಕದ ಮಾತು ಹೇಳಿದರು. ಸೈನಿಕರಿಗೆ ಪರರ ಹಣ ಕಿತ್ತುಕೊಳ್ಳಬೇಡಿರೆಂದರು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದೆಂಬ ಮಹಾಸಭೆಯ ಬೋಧೆಯೂ ಇದನ್ನೇ ಸಾರುತ್ತದೆ. ಅರೇಬಿಕ ಕೊಯ್ಲು ಮುಗಿಯುತ್ತ ಬಂದು ರೊಬಸ್ಟ ಹಣ್ಣಾಗುವ ಕಾಲವಿದು. ನಿಮ್ಮಲ್ಲಿ ತೋಟವುಳ್ಳವರಿದ್ದೀರಿ, ರೈಟರುಗಳಿದ್ದೀರಿ, ಮೇಸ್ತ್ರಿಗಳಿದ್ದೀರಿ. ಬಟವಾಡೆಯಲ್ಲಿ ಯಾರದ್ದಾದರೂ ಹಣ ನಿಂತಿದ್ದರೆ, ತೂಕದಲ್ಲಿ ಹೆಚ್ಚುಕಡಿಮೆಯಾಗಿದ್ದರೆ, ಮೊದಲು ಅದನ್ನು ಸರಿಪಡಿಸಿ ಆಮೇಲೆ ಸಭಾಭವನಕ್ಕೆ ಬನ್ನಿರಿ. ಪೆಟ್ಟಿಗೆಗಳು ನಿಮಗಾಗಿ ಕಾಯುತ್ತವೆ. ಮುಂದಿನ ಭಾನುವಾರದವರೆಗೂ ಬಾಗಿಲು ತೆರೆದಿರುತ್ತದೆ.

ಉಳಿದವರು ಈಗಲೇ ಬರಬಹುದು. ರಟ್ಟಿನ ಡಬ್ಬಗಳು, ಬಣ್ಣದ ಕಾಗದ, ಅಂಟು ಎಲ್ಲ ಇವೆಯೆಂದು ಧರ್ಮಭಗಿನಿಯರು ತಿಳಿಸಿದ್ದಾರೆ. ಕತ್ತರಿಗಳು ಮಾತ್ರ ಸಾಲವು. ಮನೆ ಹತ್ತಿರವಿರುವವರು ಒಂದೊಂದು ತಂದರೆ ಉಪಕಾರವಾಗುತ್ತದೆ.