ಬೇಸಗೆಯ ಕೂಟಗಳಲ್ಲಿ ನಮ್ಮ ಊಟ

(ಬೇಸಗೆಯ ರಜೆಗೆ ಮುನ್ನ ಶಾಲೆಯಲ್ಲಿ ಜರಗಿದ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಇನ್ನು ಕೆಲವೇ ದಿನಗಳಲ್ಲಿ ಶಾಲೆಗೆ ರಜೆ. ವಿಷು, ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಭೂತಕೋಲಗಳು ಒಂದರ ಬೆನ್ನಿಗೊಂದು ಬರುವ ಕಾಲವಿದು. ಕಾಸರಗೋಡಿನವರಾದ ನಾವು ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಂದು ಮನೆಯ ಮಾತಿನಲ್ಲಿ ಬೇರೆ ಬೇರೆಯಾದರೂ ಉಣ್ಣುವ, ಉಣಿಸುವ ಆಸೆಯಲ್ಲಿ ಒಂದೇ. ಈ ಸಂತೋಷಕ್ಕೆ ಕುಂದು ಬಾರದಿರುವ ದಾರಿಯನ್ನು ಕುರಿತು ಎರಡು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ.

2022ರ ಮೇ ತಿಂಗಳ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಪರೀಕ್ಷೆಯಲ್ಲಿ ಷಿಗೆಲ್ಲಾ ಎಂಬ ರೋಗಾಣು ಕಂಡುಬಂತು. ನಮ್ಮ ಮಕ್ಕಳ ವಯಸ್ಸಿನ ಮಗುವೊಂದು ಒಂದು ತಿಂಡಿಯಿಂದಾಗಿ ಮನೆಗೆ ಮರಳದೆ ಹೋಯಿತೆಂಬುದನ್ನು ನಾವು ಮರೆಯಲಾಗದು. ಇದನ್ನು ಕೇವಲ ಅಂಗಡಿಯ ತಿಂಡಿಯ ದೋಷವೆಂದು ಬಗೆದು ನೆಮ್ಮದಿಯಿಂದಿರುವಂತೆಯೂ ಇಲ್ಲ. ಮಲದ ಸೋಂಕು ತಗಲಿದ ಕೈ, ನೀರು, ಆಹಾರಗಳ ಮೂಲಕ ಹರಡುವ ಈ ರೋಗಾಣುವಿಗೆ ಹೋಟೆಲೂ ಒಂದೇ, ಮದುವೆಯ ಚಪ್ಪರವೂ ಒಂದೇ.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿರಿ. ಶಾಖವೂ ತೇವವೂ ಅನುಕೂಲವಾಗಿದ್ದರೆ ಕೆಲವು ರೋಗಾಣುಗಳು 20 ಮಿನಿಟಿಗೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ, 2 ಗಂಟೆಯಲ್ಲಿ 64 ಆಗುವುವು. 4 ಗಂಟೆಯಲ್ಲಿ 4,096. 6 ಗಂಟೆಯಲ್ಲಿ 2,62,144! ಮಧ್ಯಾಹ್ನ ಒಲೆಯಿಂದ ಇಳಿಸಿದ ಪದಾರ್ಥ ಸಂಜೆಯವರೆಗೆ ಚಪ್ಪರದಡಿಯಲ್ಲಿದ್ದರೆ ಏನಾಗಬಹುದೆಂಬುದನ್ನು ನೀವೇ ಊಹಿಸಿರಿ. ವಾಸನೆ ಬಾರದಿದ್ದ ಮಾತ್ರಕ್ಕೆ ಅದು ಒಳ್ಳೆಯದೆನ್ನುವಂತಿಲ್ಲ. ಮರಳಿ ಕಾಯಿಸಿದರೆ ರೋಗಾಣು ಸತ್ತರೂ ಕೆಲವು ಬಗೆಯವು ಬಿಟ್ಟ ವಿಷ ಹಾಗೆಯೇ ಉಳಿಯುವುದುಂಟು.

ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದೆಂದೂ, ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇಡಬೇಕೆಂದೂ ಹೇಳಿದೆ. ಕೇರಳ ಸರಕಾರವು 2023ರಲ್ಲಿ, ಕಟ್ಟಿಕೊಡುವ ಆಹಾರದ ಪೊಟ್ಟಣದ ಮೇಲೆ ತಯಾರಿಸಿದ ಹೊತ್ತನ್ನೂ ತಿಂದು ಮುಗಿಸಬೇಕಾದ ಅವಧಿಯನ್ನೂ ನಮೂದಿಸಬೇಕೆಂದು ವಿಧಿಸಿತು. ಹಸಿ ಮೊಟ್ಟೆಯ ಮಯೊನೈಸನ್ನೂ ನಿಷೇಧಿಸಿತು.

ಈಗ ಕೆಂಡದ ಮೇಲೆ ಕೋಳಿ, ಮೀನುಗಳನ್ನು ಸುಡುವ ಕೂಟಗಳೂ ನಮ್ಮಲ್ಲಿ ಬಳಕೆಗೆ ಬಂದಿವೆ. ಹೊರಗೆ ಕರಿಕಾದುದೆಲ್ಲ ಒಳಗೆ ಬೆಂದಿರುವುದಿಲ್ಲ. ಮಾಂಸದ ನಡುಭಾಗವೂ ಚೆನ್ನಾಗಿ ಬೇಯಬೇಕು. ಕರಿಕಾದ ಭಾಗವನ್ನು ತೆಗೆದುಹಾಕಬೇಕು. ಹಸಿ ಮಾಂಸವಿಟ್ಟ ತಟ್ಟೆಗೆ ಬೆಂದುದನ್ನು ಹಾಕಬಾರದು. ಅಡುಗೆಯವರಿಗೂ ಬಡಿಸುವವರಿಗೂ ಸಾಬೂನು, ನೀರು ಕೈಗೆಟಕುವಂತಿರಬೇಕು. ಶರಬತ್ತಿಗೆ ಹಾಕುವ ಮಂಜುಗಡ್ಡೆಯೂ ನೀರೇ ಎಂಬುದು ನೆನಪಿರಲಿ. ಅದು ಶುದ್ಧ ನೀರಿನದೆಂಬ ಭರವಸೆ ಇಲ್ಲದಿದ್ದರೆ ಬೇಡವೆನ್ನುವುದೇ ಲೇಸು.

ಇನ್ನು ಮಿತಿಯ ಮಾತು. ನಮ್ಮ ಔತಣದಲ್ಲಿ ಕೋಸಂಬರಿ, ಪಲ್ಯಗಳು ಒಂದೇ ಸುತ್ತು. ಹೋಳಿಗೆ, ಪಾಯಸಗಳು ಮೂರು ಸುತ್ತು. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಕೆಲಸವಾದಂತೆ! ಕೋಲಾದಂತಹ ಪಾನೀಯದ 300 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ಎಳನೀರು, ನೀರುಮಜ್ಜಿಗೆ, ಸಿಹಿ ಕಡಿಮೆಯಿರುವ ಪುನರ್ಪುಳಿ ಪಾನಕ ನಮ್ಮ ಹಿತ್ತಲಲ್ಲೇ ಇರುವಾಗ ಬಾಟಲಿಯ ಹಂಗೇಕೆ?

ಬಡಿಸುವವರಲ್ಲೂ ಒಂದು ಬಿನ್ನಹ. “ಒಂದೇ ಒಂದು, ನಮ್ಮ ಮಾತಿಗಾಗಿ” ಎಂಬ ಒತ್ತಾಯದಲ್ಲಿ ಪ್ರೀತಿಯಿದೆ, ನಿಜ. ಆದರೆ ಎಲೆಯ ಮುಂದೆ ಕುಳಿತವರು ಸಕ್ಕರೆ ಕಾಯಿಲೆಯವರೋ, ರಕ್ತದ ಒತ್ತಡದವರೋ ನಮಗೇನು ತಿಳಿದಿದೆ? “ಸಾಕು” ಎಂದವರ ಮಾತನ್ನು ಮನ್ನಿಸುವುದೂ ಉಪಚಾರವೇ.

ಇಷ್ಟಾಗಿಯೂ ಯಾರಿಗಾದರೂ ವಾಂತಿಭೇದಿ ತಗಲಿದರೆ ಓಆರ್‌ಎಸ್ ದ್ರಾವಣವನ್ನು ಕೊಡತೊಡಗಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿರಿ. ಮಲದಲ್ಲಿ ರಕ್ತ, ತೀವ್ರ ಜ್ವರ, ಮಂಪರು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಮಕ್ಕಳೇ, ಹೊಟ್ಟೆ ಕೆಟ್ಟುದನ್ನು ಬೈಗುಳಿನ ಭಯದಿಂದ ಮುಚ್ಚಿಡಬೇಡಿ. ಎಲ್ಲಿ ಏನು ತಿಂದಿರೆಂಬುದನ್ನು ಹಿರಿಯರಿಗೆ ಕೂಡಲೇ ತಿಳಿಸಿರಿ.

ಅತಿಥಿಯು ಹೊಟ್ಟೆ ತುಂಬ ಉಂಡು ಹೋದನೆಂಬುದಷ್ಟೇ ಔತಣದ ಹಿರಿಮೆಯಲ್ಲ. ಮರುದಿನವೂ ಆತನು ಆರೋಗ್ಯದಿಂದ ಎದ್ದನೆಂಬುದು ಅದರ ಹಿರಿಮೆ. ರಜೆ ಮುಗಿದು ಶಾಲೆಯ ಬಾಗಿಲು ತೆರೆದ ದಿನ ತಾವೆಲ್ಲರೂ ನಗುಮೊಗದಿಂದ ಮರಳಿ ಬರುವಂತಾಗಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.