ತಿಳಿದದ್ದನ್ನು ತಿಳಿಯಾಗಿ ಹೇಳಿ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ) ಮತ್ತು ಅವರ ಕುಟುಂಬ, ಸಂಗಾತಿಗಳ ಮೇಲೆ ಶಾಂತಿಯಿರಲಿ.



ಪ್ರತಿಯೊಬ್ಬ ಸಂದೇಶವಾಹಕರನ್ನೂ ಅವರವರ ಜನಾಂಗದ ಭಾಷೆಯಲ್ಲೇ ಕಳುಹಿಸಿದ್ದಾಗಿ ಅಲ್ಲಾಹನು ಸೂರಃ ಇಬ್ರಾಹೀಮ್‌ನಲ್ಲಿ (14:4) ತಿಳಿಸಿದ್ದಾನೆ. ಜನರಿಗೆ ವಿಷಯ ಸ್ಪಷ್ಟವಾಗಲಿ ಎಂಬುದೇ ಅದರ ಉದ್ದೇಶ. ಫಿರ್‌ಔನನ ಬಳಿಗೆ ಹೊರಟ ಮೂಸಾ(ಅ)ರು ಕೂಡ ತಮ್ಮ ನಾಲಿಗೆಯ ಗಂಟು ಬಿಚ್ಚಲಿ, ಜನರು ತಮ್ಮ ಮಾತನ್ನು ಅರಿಯಲಿ ಎಂದು ಪ್ರಾರ್ಥಿಸಿದರು.

ಪ್ರವಾದಿವರ್ಯರ(ಸ) ಮಾತು ಕೇಳಿದವರಿಗೆಲ್ಲ ಅರ್ಥವಾಗುವಂತಿತ್ತು ಎಂದು ಆಯಿಶಾ(ರ) ಹೇಳಿದ್ದಾರೆ. ನಮಾಝ್ ಪಾಪಗಳನ್ನು ತೊಳೆಯುವುದನ್ನು ತಿಳಿಸಲು ಅವರು ಮನೆಬಾಗಿಲಲ್ಲಿ ಹರಿಯುವ ಹೊಳೆಯ ಉದಾಹರಣೆ ಕೊಟ್ಟರು. ದಿನಕ್ಕೆ ಐದು ಬಾರಿ ಅದರಲ್ಲಿ ಮಿಂದವನ ಮೈಯಲ್ಲಿ ಕೊಳೆ ಉಳಿಯುವುದೇ? ಇನ್ನೊಮ್ಮೆ ಒಂದು ಚೌಕ ಬರೆದು, ಅದರ ನಡುವಿನಿಂದ ಹೊರಗೆ ಚಾಚುವ ಗೆರೆ ಎಳೆದರು. ಚೌಕವು ಮನುಷ್ಯನನ್ನು ಸುತ್ತುವರಿದ ಮರಣ, ಅದನ್ನು ದಾಟಿ ಹೋದ ಗೆರೆ ಅವನ ಆಸೆ.

ನಮ್ಮ ವಿದ್ವಾಂಸರೂ ಇದೇ ದಾರಿ ಹಿಡಿದರು. 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಝ್ಮಿಯವರ ಗ್ರಂಥದ ಹೆಸರಿನಲ್ಲಿರುವ 'ಅಲ್-ಜಬ್ರ್' ಪದವೇ ಇಂದಿನ ಆಲ್ಜೀಬ್ರಾ. ವಾರೀಸು ಹಂಚಿಕೆ, ವ್ಯಾಪಾರ, ಭೂಮಿಯ ಅಳತೆಗೆ ನೆರವಾಗಲೆಂದು ಬರೆದ ಆ ಗ್ರಂಥದಲ್ಲಿ ಎಕ್ಸ್, ವೈ ಇಲ್ಲ. ಎಲ್ಲವೂ ಮಾತಿನಲ್ಲಿದೆ, ಚಿತ್ರದಲ್ಲಿದೆ. ಅವರ ಒಂದು ಲೆಕ್ಕ ನೋಡಿ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತು ಪಟ್ಟು ಸೇರಿಸಿದರೆ 39. ಆ ಸಂಖ್ಯೆ ಯಾವುದು? ಮೊದಲು ಒಂದು ಚೌಕ ಬರೆಯಿರಿ. ಅದರ ಎರಡು ಪಕ್ಕಗಳಿಗೆ 5 ಅಗಲದ ಎರಡು ಪಟ್ಟಿ ಜೋಡಿಸಿ. ಒಟ್ಟು ವಿಸ್ತೀರ್ಣ 39. ಮೂಲೆಯೊಂದು ಖಾಲಿ ಉಳಿಯಿತು. ಅದು ಐದೈದಲಿ 25. ಅದನ್ನೂ ತುಂಬಿದರೆ 64ರ ದೊಡ್ಡ ಚೌಕ, ಅದರ ಬದಿ 8. ಪಟ್ಟಿಯ 5 ಕಳೆದರೆ ಉತ್ತರ 3. ಹತ್ತನೇ ತರಗತಿಯ ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಬಿಡಿಸುವ ಲೆಕ್ಕ ಇದೇ.

ಸಹೋದರರೇ, ಬಾಯಿಪಾಠವೇ ತಿಳುವಳಿಕೆಯಲ್ಲ. 'ದ್ಯುತಿಸಂಶ್ಲೇಷಣೆ' ಎಂದು ತಪ್ಪಿಲ್ಲದೆ ಬರೆಯುವ ಮಗುವನ್ನು, ಗಿಡಕ್ಕೆ ಊಟ ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ಬೇರಿನಿಂದ ನೀರು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಬಿಸಿಲಿನ ಬಲದಿಂದ ಎಲೆಯೇ ಸಕ್ಕರೆ ತಯಾರಿಸುತ್ತದೆ ಎಂದು ಹೇಳಿದರೆ ಅದಕ್ಕೆ ಪಾಠ ಗೊತ್ತಿದೆ. ತಡವರಿಸಿದರೆ ಗದರಬೇಡಿ. ಮಾತು ನಿಂತ ಜಾಗದಲ್ಲೇ ಪುಸ್ತಕ ತೆರೆಯಬೇಕು.

ನಾನು ಓದಿದವಳಲ್ಲ, ಮಕ್ಕಳ ಪಾಠದಲ್ಲಿ ನನಗೇನು ಕೆಲಸ ಎಂದು ಎಷ್ಟೋ ತಾಯಂದಿರು ಹಿಂದೆ ಸರಿಯುತ್ತಾರೆ. ನಿಮ್ಮ ಕೆಲಸವೇ ದೊಡ್ಡದು. ಮಗ್ರಿಬ್ ಬಳಿಕ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು, ಇಂದು ಕಲಿತದ್ದನ್ನು ಮನೆಮಾತಿನಲ್ಲಿ ಹೇಳು ಎನ್ನಿ. ಅದು ಬ್ಯಾರಿಯಾಗಲಿ, ಉರ್ದುವಾಗಲಿ, ಕನ್ನಡವಾಗಲಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ. ಉಮ್ಮನಿಗೆ ಅರ್ಥಮಾಡಿಸಲು ಹೊರಟ ಮಗು ಮೊದಲು ತಾನು ಅರ್ಥಮಾಡಿಕೊಳ್ಳುತ್ತದೆ. ಟ್ಯೂಷನ್‌ಗೆ ಹಣ ಇಲ್ಲದ ಮನೆಯಲ್ಲೂ ಇದು ಸಾಧ್ಯ.

ಒಂದು ಎಚ್ಚರಿಕೆ. ಸರಳಗೊಳಿಸುವ ಭರದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಧರ್ಮದ ವಿಷಯದಲ್ಲಂತೂ ಕೂಡದು. ಇಮಾಮ್ ಮಾಲಿಕ್‌ರಂಥ(ರಹ) ಮಹಾನ್ ವಿದ್ವಾಂಸರೂ ತಿಳಿಯದ ಪ್ರಶ್ನೆಗಳಿಗೆ ಗೊತ್ತಿಲ್ಲ ಎನ್ನಲು ಹಿಂಜರಿಯಲಿಲ್ಲ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ಅದನ್ನು ಇತರರಿಗೆ ಹಂಚುವ ನಾಲಿಗೆಯನ್ನೂ, ಅವರ ಮಾತನ್ನು ಕೇಳುವ ತಾಳ್ಮೆಯನ್ನು ನಮಗೂ ಅನುಗ್ರಹಿಸಲಿ. ಆಮೀನ್.