ಕೃತಜ್ಞತೆಯ ನೆನಪು, ಗೊಣಗಾಟದ ಮರೆವು



ಹೈದರಾಬಾದಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೆದಕ್ ಕೆಥೆಡ್ರಲನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ವೆಸ್ಲಿಯನ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಅದರ ಕೆಲಸ ಆರಂಭಿಸಿದ್ದು 1914ರಲ್ಲಿ. ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ಆ ಕಾಲದಲ್ಲಿ ಬರ ಬಂದು ಸುತ್ತಲಿನ ಹಳ್ಳಿಗಳು ಕಂಗೆಟ್ಟಾಗ, ಪಾಸ್ನೆಟ್ ಕಟ್ಟಡದ ಕೂಲಿಯನ್ನೇ ಅನ್ನದ ದಾರಿಯಾಗಿಸಿದರು. 175 ಅಡಿ ಎತ್ತರದ ಆ ಗೋಪುರ ಹಸಿದವರ ದುಡಿಮೆಯಿಂದ ಎದ್ದದ್ದು. ಅದರ ಕೆಳಗೆ ನಿಂತಾಗ ಒಂದು ಪ್ರಶ್ನೆ ಏಳುವುದು ಸಹಜ: ಅರೆಹೊಟ್ಟೆಯವರಿಗೆ ದೇವರ ಸ್ತುತಿ ಹೇಳಿಕೊಡುವುದು ನ್ಯಾಯವೇ? ಎಲ್ಲ ಸಂದರ್ಭದಲ್ಲೂ ಕೃತಜ್ಞರಾಗಿರಿ ಎಂಬ ಕ್ರೈಸ್ತ ಬೋಧನೆ ನೊಂದವರ ಬಾಯಿ ಮುಚ್ಚಿಸುವ ಉಪಾಯವಲ್ಲವೇ?

ಉತ್ತರಕ್ಕೆ ಬೈಬಲಿನಲ್ಲಿ ಗೊಣಗಾಟ ಎಲ್ಲಿ ಖಂಡನೆಗೆ ಒಳಗಾಗಿದೆ ಎಂದು ನೋಡಬೇಕು. ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ, ಐಗುಪ್ತದ ಗುಲಾಮಗಿರಿಯಿಂದ ಪಾರಾಗಿ ಬಂದ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಮನ್ನವೆಂಬ ಆಹಾರವನ್ನೇ ದಿನವೂ ತಿಂದು ಬೇಸರ ಬಂದಿದೆ. ಅಲ್ಲಿ ತಿನ್ನುತ್ತಿದ್ದ ಮೀನು, ಸವತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒಂದೊಂದಾಗಿ ನೆನೆದು ಅಳುತ್ತಾರೆ. ಮೀನು ಪುಕ್ಕಟೆ ಸಿಗುತ್ತಿತ್ತು ಎನ್ನುತ್ತಾರೆ. ಬೆನ್ನಿನ ಮೇಲೆ ಬಿದ್ದ ಬಾರುಕೋಲು, ನದಿಗೆ ಎಸೆಯಲ್ಪಟ್ಟ ಗಂಡುಕೂಸುಗಳು ಆ ಪಟ್ಟಿಯಲ್ಲಿಲ್ಲ. ಬೆಳ್ಳುಳ್ಳಿಯ ರುಚಿ ನೆನಪಿದೆ, ಅದಕ್ಕೆ ತೆತ್ತ ಬೆಲೆ ಮರೆತುಹೋಗಿದೆ. ಅವರ ತಪ್ಪು ಕಷ್ಟ ಹೇಳಿಕೊಂಡದ್ದರಲ್ಲಿಲ್ಲ, ಸುಳ್ಳು ಲೆಕ್ಕ ಬರೆದದ್ದರಲ್ಲಿದೆ. ಇದಕ್ಕೆ ಎದುರಾಗಿ ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯವನ್ನಿಡಿ. ಪ್ರಥಮ ಫಲದ ಬುಟ್ಟಿ ತಂದ ರೈತ ಪೂರ್ವಿಕರ ಅಲೆದಾಟ, ಬಿಟ್ಟಿ ದುಡಿಮೆ, ದೇವರಿಗೆ ಇಟ್ಟ ಮೊರೆ ಎಲ್ಲವನ್ನೂ ಹೇಳಿದ ಮೇಲೆಯೇ ಈ ನೆಲದ ಬೆಳೆಯ ಮಾತಿಗೆ ಬರುತ್ತಾನೆ. ನನ್ನ ವಾದ ಇಷ್ಟೆ: ಕೃತಜ್ಞತೆ ಎಂದರೆ ಇಡಿಯಾಗಿ ನೆನೆಯುವುದು, ಗೊಣಗಾಟ ಎಂದರೆ ಬೇಕಾದದ್ದನ್ನಷ್ಟೇ ನೆನೆಯುವುದು.

ಹಾಗಾದರೆ ದೂರಿಗೆ ಸ್ಥಳವೇ ಇಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದೆ. ಕೀರ್ತನೆಗಳ ಗ್ರಂಥದ ದೊಡ್ಡ ಪಾಲು ದೇವರ ಮೇಲಿನ ದೂರೇ. ಬೈಬಲಿನ ಯೋಬನಂತೂ ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ದಾಸರ ನಿಂದಾಸ್ತುತಿ ಬಲ್ಲ ಕನ್ನಡಿಗರಿಗೆ ಈ ಸಲಿಗೆ ಹೊಸದೂ ಅಲ್ಲ. ಇಸ್ರಾಯೇಲ್ಯರು ತಂತಮ್ಮ ಡೇರೆಗಳಲ್ಲಿ ಕೂತು ಗುಣುಗುಟ್ಟಿದರು, ಕೀರ್ತನಕಾರ ದೇವರ ಮುಖಕ್ಕೇ ಹೇಳಿದ. ಕೇಳಿಸಿಕೊಳ್ಳುವವನೊಬ್ಬನಿದ್ದಾನೆ ಎಂಬ ನಂಬಿಕೆಯಿಂದ ಹುಟ್ಟುವ ದೂರಿಗೂ ಕೃತಜ್ಞತೆಗೂ ಬೇರು ಒಂದೇ.

ಇನ್ನೂ ಗಟ್ಟಿಯಾದ ಆಕ್ಷೇಪ ನಮ್ಮ ಸಮಾಜದ್ದೇ. ತೆಲಂಗಾಣದ ಹಳ್ಳಿಗಳಲ್ಲಿ ಕ್ರೈಸ್ತರಾದವರಲ್ಲಿ ಬಹುಪಾಲು ದಲಿತರು. ಬೀದರ್, ಕಲಬುರಗಿ ಕಡೆಯ ಮೆಥೋಡಿಸ್ಟ್ ಸಭೆಗಳ ಕಥೆಯೂ ಹೆಚ್ಚು ಬೇರೆಯಲ್ಲ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಇವರಿಗೆ ‘ದೂರಬೇಡಿ, ಸ್ತೋತ್ರ ಹೇಳಿ’ ಎನ್ನುವುದು ಎಷ್ಟು ಸರಿ? ಅಪೊಸ್ತಲ ಪೌಲನ ನಡತೆ ಇಲ್ಲಿ ದಾರಿ ತೋರಿಸುತ್ತದೆ. ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ, ಏಟು ತಿಂದ ಮೈಯಲ್ಲಿ, ಕಾಲಿಗೆ ಕೋಳ ಬಿದ್ದಿದ್ದಾಗ, ನಡುರಾತ್ರಿ ಅವನೂ ಜೊತೆಗಾರ ಸೀಲನೂ ಹಾಡಿದರು. ಬೆಳಗಾದ ಮೇಲೆ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟುಬಿಡಲು ನೋಡಿದರೆ ಪೌಲ ಒಪ್ಪಲಿಲ್ಲ. ರೋಮ್ ಪೌರರಾದ ನಮ್ಮನ್ನು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿದಿರಿ, ಈಗ ನೀವೇ ಬಂದು ಹೊರಗೆ ಕರೆದೊಯ್ಯಿರಿ ಎಂದು ಪಟ್ಟು ಹಿಡಿದ. ಅವರು ಬಂದು ವಿನಂತಿಸಿಕೊಳ್ಳಬೇಕಾಯಿತು. ಗೊಣಗದೆ ಎಲ್ಲವನ್ನೂ ಮಾಡಿ ಎಂದು ಮುಂದೆ ಇದೇ ಊರಿನ ಸಭೆಗೆ, ಮತ್ತೊಂದು ಸೆರೆಯಿಂದ ಬರೆದವನೂ ಇವನೇ. ರಾತ್ರಿಯ ಹಾಡು ಬೆಳಗಿನ ಹಕ್ಕೊತ್ತಾಯವನ್ನು ಮೆತ್ತಗಾಗಿಸಲಿಲ್ಲ.

ಅಪ್ಪಣೆಯಿಂದ ಬಂದ ಕೃತಜ್ಞತೆ ನಾಟಕವಾಗದೇ ಎಂಬ ಸಂಶಯವೂ ಉಂಟು. ಆಗಬಹುದು, ಅದರಲ್ಲೂ ಉಳ್ಳವರು ಇಲ್ಲದವರಿಗೆ ಬೋಧಿಸಿದಾಗ ಖಂಡಿತ ಆಗುತ್ತದೆ. ಕೃತಜ್ಞತೆಯನ್ನು ಒಬ್ಬರು ತಮಗೆ ತಾವೇ ವಿಧಿಸಿಕೊಳ್ಳಬಹುದೇ ಹೊರತು ಇನ್ನೊಬ್ಬರ ಮೇಲೆ ಹೇರಲಾಗದು. ಆದರೆ ಅಭ್ಯಾಸವೆಲ್ಲ ನಟನೆಯಲ್ಲ. ಸುಗ್ಗಿಯ ಆರಾಧನೆಗೆ ಭತ್ತ, ಕುಂಬಳಕಾಯಿ, ಕೋಳಿ ಹೊತ್ತು ತರುವವರ ಮನಸ್ಸು ಪ್ರತಿ ವರ್ಷವೂ ಉಕ್ಕಿ ಹರಿಯುತ್ತದೆಂದಲ್ಲ. ಮನಸ್ಸು ಬರಲಿ ಎಂದು ಕಾಯದೆ ಕೈ ಕೊಡುತ್ತದೆ, ಕೊಡುವಾಗ ಬಂದದ್ದೇನೆಂಬ ಎಣಿಕೆ ತಾನಾಗಿ ಶುರುವಾಗುತ್ತದೆ. ಆ ಎಣಿಕೆಯಲ್ಲಿ ದಕ್ಕಿದ್ದೂ ಬರಬೇಕು, ದಕ್ಕದೆ ಹೋದದ್ದೂ ಬರಬೇಕು. ದಕ್ಕಿದ್ದಕ್ಕೆ ಸ್ತೋತ್ರ ಹೇಳಬಲ್ಲವರೇ, ದಕ್ಕದೆ ಹೋದದ್ದನ್ನು ಕೇಳಬೇಕಾದ ಬಾಗಿಲಲ್ಲಿ ನಿಂತು, ಕಹಿಯಿಲ್ಲದೆ, ಅಂಜದೆ ಕೇಳಬಲ್ಲರು.